ನೂರಾ ಹದಿನೇಳು

ಡಾಕ್ಟರ್ ಇಸೋಲಿನಾ, ನಿಮ್ಮ ಕಡತದಲ್ಲಿ ನಾನು
ನೂರಾ ಹದಿನೇಳು.
ಎದೆಲ್ಮಿರಾ ಎಂಬ ಹೆಸರು ಬೇರೊಂದು ಪೆಟ್ಟಿಗೆಯಲ್ಲಿ,
ಯೂನಿವರ್ಸಿಟಿಯ ನೆಲಮಾಳಿಗೆಯಲ್ಲಿ, ಬೀಗದೊಳಗೆ.
ಬಲು ಭದ್ರ ಅಂದಿರಿ. ಅದುವರೆಗೆ
ನಮ್ಮ ಯಾವುದಕ್ಕೂ ಯಾರೂ ಬೀಗ ಹಾಕಿರಲಿಲ್ಲ.

ಮೊದಲ ಸಲ ನೀವು ಬಂದಾಗ ನನಗೆ ಒಂಬತ್ತು.
ಕಡಲು ಎದ್ದು ಬಂದು ನಮ್ಮ ಬೀದಿಯನ್ನು
ಚಾಪೆಯ ಹಾಗೆ ಸುತ್ತಿಕೊಂಡು ಹೋಗಿ ಆರು ವರ್ಷ.
ನಿಮ್ಮದು ಸಾಂಟಿಯಾಗೊದ ಬೂಟು; ಒಂದನ್ನು ಕೆಸರು ಬಿಟ್ಟುಕೊಡಲಿಲ್ಲ.
ಅಜ್ಜಿ ನಕ್ಕಳು. ಆ ವರ್ಷವೆಲ್ಲ ಅವಳು ನಕ್ಕದ್ದು ಅದೊಂದೇ ಸಲ,
ನಿಮ್ಮ ಫಾರ್ಮಿನಲ್ಲಿ ಅದಕ್ಕೆ ಚೌಕವಿರಲಿಲ್ಲ.

ರಾತ್ರಿ ನಿದ್ದೆ ಬರುತ್ತದೆಯೇ?
ಎಂದೂ ಇಲ್ಲ, ಅಪರೂಪಕ್ಕೆ, ಆಗಾಗ, ಹೆಚ್ಚಾಗಿ, ಯಾವಾಗಲೂ.
ನನ್ನ ಕಣ್ಣು ನಿಮ್ಮ ಕಾರ್ಬನ್ ಹಾಳೆಯ ನೀಲಿಯ ಮೇಲೆ.
ಬೆರಳಿಗೆ ಹತ್ತಿದ್ದನ್ನು ಭಾನುವಾರದವರೆಗೂ ತೊಳೆಯಲಿಲ್ಲ.
ಆಗಾಗ, ಅಂದೆ.
ಆ ಪದ ಬಾಯಿಗೆ ಹಿತವಾಗಿತ್ತು, ಅಷ್ಟೆ.

ಹದಿನಾಲ್ಕಕ್ಕೆ ಬಂದಿರಿ. ಹತ್ತೊಂಬತ್ತಕ್ಕೆ.
ಇಪ್ಪತ್ತನಾಲ್ಕಕ್ಕೆ ಬಂದಾಗ
ಸೊಂಟದ ಮಟ್ಟ ನೀರಿನಲ್ಲಿ ನಿಂತು ಕೊಚಾಯುಯೊ ಕೊಯ್ಯುತ್ತಿದ್ದೆ,
ಬಂಡೆ ಕಚ್ಚಿಕೊಂಡು ಬೆಳೆವ, ಚಾಟಿಯಂಥ ಕಡಲ ಪಾಚಿ.
ಇಳಿತದವರೆಗೂ ಕಾದಿರಿ ದಡದಲ್ಲಿ,
ಫಾರ್ಮನ್ನು ಕೋಟಿನೊಳಗೆ ಕೂಸಿನಂತೆ ಬಚ್ಚಿಟ್ಟು.
ಕಳೆದ ತಿಂಗಳು ಎಷ್ಟು ಸಲ ಬದುಕು ಸಾಕೆನಿಸಿತು?
ನಾನಂದದ್ದನ್ನು ಅಲೆ ಅರ್ಧ ತಿಂದಿತು.
ಉಳಿದರ್ಧವನ್ನು ಬರೆದುಕೊಂಡಿರಿ.

ಆಮೇಲೆ ಅಂಚೆಯಲ್ಲಿ ನಿಮ್ಮ ಲೇಖನ ಬಂತು.
ಶಾಲೆಯ ಟೀಚರ್ ಓದಿ ಹೇಳಿದಳು:
'ಪ್ರಕರಣ ೧೧೭. ತಂದೆಯಿಲ್ಲ, ಕಡುಬಡತನ, ಎರಡು ಗರ್ಭಪಾತ.
ಆದರೂ ಅಸಾಧಾರಣ ತಾಳಿಕೆ.'
ತಾಳಿದವರು ಬಾಳಿಯಾರು ಎಂಬಂತೆ ತಲೆದೂಗಿದಳು.
ತಾಳು, ಬಾಳು. ನಡುವೆ ಒಂದೇ ಅಕ್ಷರ, ನಿಜ.
ಅದನ್ನು ದಾಟಲು ನನಗೆ ಹದಿನೇಳು ವರ್ಷ ಹಿಡಿಯಿತು,
ದಾಟಿದೆನೋ ಇಲ್ಲವೋ ಇವತ್ತಿಗೂ ಅನುಮಾನ.

ನೂರಾ ಹದಿನಾರು ಹೆರಿಬರ್ತೊ, ನನ್ನಣ್ಣ.
ಅದೇ ಅಜ್ಜಿ, ಅದೇ ಒಲೆ, ಅದೇ ನೀರು ಸಾರು.
ಅವನ ಹಾಳೆಯ ಮೇಲೆ, ಮೂರನೆಯ ಸುತ್ತಿನಿಂದ,
ನಿಮ್ಮ ದುಂಡು ಅಕ್ಷರ: 'ಸಂಪರ್ಕಕ್ಕೆ ಸಿಗಲಿಲ್ಲ.'
ನಮಗೂ ಸಿಗಲಿಲ್ಲ, ಡಾಕ್ಟರ್.
ಹೆಂಡದಂಗಡಿಯ ಬಾಗಿಲಲ್ಲಿ ಟೋಪಿ ಸಿಕ್ಕಿತು.

ಒಂದು ಚಳಿಗಾಲ ನೀವು ಫಾರ್ಮಿಲ್ಲದೆ ಬಂದಿರಿ.
ಒಲೆಗೆ ಕಟ್ಟಿಗೆ ತುರುಕುತ್ತ, ನನ್ನತ್ತ ನೋಡದೆ:
ಅವನೇಕೆ ಹಾಗೆ? ನೀನೇಕೆ ಹೀಗೆ?
ಇಪ್ಪತ್ತೈದು ವರ್ಷ ಕೇಳುತ್ತ ಬಂದಿದ್ದು ಇದನ್ನೇ ಅಲ್ಲವೇ,
ಇನ್ನೂರ ಮೂರು ಮಕ್ಕಳ ಬಾಯಲ್ಲಿ?
ಗೊತ್ತಿಲ್ಲ ಅಂದೆ.

ಗೊತ್ತಿದ್ದದ್ದು ಇಷ್ಟು, ಅದನ್ನು ಆಗ ಹೇಳಲಿಲ್ಲ:
ಆ ಮಧ್ಯಾಹ್ನ ಎಂಟು ವರ್ಷದ ಹೆರಿಬರ್ತೊ
ಮೂರು ವರ್ಷದ ನನ್ನನ್ನು ಹೊತ್ತು ಗುಡ್ಡ ಹತ್ತಿದ.
ನನ್ನ ಮುಖ ಅವನ ಕೂದಲಲ್ಲಿ ಹುದುಗಿತ್ತು,
ಒದ್ದೆ ಉಣ್ಣೆಯ ವಾಸನೆ, ಅದೊಂದೇ ನೆನಪು.
ಮೇಲೆ ಹೋಗಿ ಅವನು ತಿರುಗಿ ನೋಡಿದ.
ಅಪ್ಪ ಇನ್ನೂ ಕೆಳಗಿದ್ದ.
ನಾನು ನೋಡಲಿಲ್ಲ.

ಇದನ್ನು ಹೇಳಿದ್ದು ನಿಮ್ಮ ಕೊನೆಯ ಸುತ್ತಿನಲ್ಲಿ,
'ಬೇರೇನಾದರೂ ಹೇಳುವುದಿದೆಯೇ' ಎಂಬ ಸಾಲಿಗೆ.
ಒಂದೂವರೆ ಅಂಗುಲ ಜಾಗ ಬಿಟ್ಟಿದ್ದಿರಿ ಅದಕ್ಕೆ.
ನೀವು ಬರೆಯಲಿಲ್ಲ. ಕೈ ನಡುಗುತ್ತಿತ್ತು, ವಯಸ್ಸೂ ಇರಬಹುದು.
ಪೆನ್ನು ಮುಚ್ಚಿದಿರಿ.

ಆಗ ನಾನು ಕೇಳಿದೆ: ಡಾಕ್ಟರ್,
ರಾತ್ರಿ ನಿದ್ದೆ ಬರುತ್ತದೆಯೇ?
ಕೆಟಲು ಕುದಿದು, ಕುದಿದು, ಮುಚ್ಚಳ ಕುಣಿಯಿತು.
ಆಗಾಗ, ಅಂದಿರಿ.

ನೀರು ಇಳಿಯತೊಡಗಿತ್ತು, ಕೆಲಸ ಕಾಯುತ್ತಿತ್ತು.
ಒಣಗಿದ ಪಾಚಿಯ ಕಂತೆಗೆ ಹಗ್ಗ ಬಿಗಿಯಬೇಕಿತ್ತು.
ನೀವು ಎದ್ದು ಬಂದು, ಕೇಳದೆಯೇ,
ಇನ್ನೊಂದು ತುದಿ ಹಿಡಿದುಕೊಂಡಿರಿ.
ಗಂಟು ಸಡಿಲವಾಗಿತ್ತು. ಬಿಚ್ಚಿ ಮತ್ತೆ ಕಟ್ಟಿದೆ,
ನೀವು ಬಸ್ಸು ಹತ್ತಿದ ಮೇಲೆ.